ಸ್ಪೋರ್ಟ್ಸ್ ಕಾರ್ ಇಳಿಸುವ ಮುಂಚೆ: ಟ್ರಾವೆಲ್ ಮೊದಲು, ಎತ್ತರ ಆಮೇಲೆ

ಕಾರು ಇಳಿಸಬೇಕು ಅನ್ನುವವರೆಲ್ಲ ಮೊದಲು ಕೇಳುವುದು ಒಂದೇ ಮಾತು: ಎಷ್ಟು ಎಂಎಂ ಇಳಿಸಬಹುದು? ಟೈರಿಗೂ ಫೆಂಡರಿಗೂ ನಡುವೆ ಮೂರು ಬೆರಳು ತೂರುತ್ತವೆ, ಅದು ಒಂದು ಬೆರಳಾಗಬೇಕು, ಆಸೆ ಅಷ್ಟೇ. ಆಸೆಯಲ್ಲಿ ತಪ್ಪೇನಿಲ್ಲ. ಪೋರ್ಶೆ ಬಾಕ್ಸ್‌ಸ್ಟರ್, ಬಿಎಂಡಬ್ಲ್ಯೂ ಝಡ್4, ಆಡಿ ಟಿಟಿ ಇಂಥ ಕಾರುಗಳು ನೆಲಕ್ಕೆ ಸ್ವಲ್ಪ ಹತ್ತಿರ ಕೂತರೆ ನೋಡೋಕೆ ಚೆಂದ. ಆದರೆ ಮೈಸೂರು, ಮಂಡ್ಯದ ಕಡೆ ಓಡುವ ಕಾರಿಗೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಇಳಿಸಿದ ಮೇಲೆ ಚಕ್ರ ಮೇಲಕ್ಕೆ ಹೋಗೋಕೆ ಎಷ್ಟು ಜಾಗ ಉಳಿಯುತ್ತದೆ? ಈ ಜಾಗವೇ ಟ್ರಾವೆಲ್. ಎತ್ತರ ಕಣ್ಣಿಗೆ ಕಾಣುತ್ತದೆ, ಟ್ರಾವೆಲ್ ಕಾಣುವುದಿಲ್ಲ. ಹಾಗಾಗಿ ಜನ ಎತ್ತರಕ್ಕೆ ದುಡ್ಡು ಸುರಿದು, ಟ್ರಾವೆಲ್ ಕಳೆದುಕೊಂಡು, ಕೊನೆಗೆ ಬೆನ್ನು ನೋಯಿಸಿಕೊಳ್ಳುತ್ತಾರೆ. ನಾನು ಹೇಳುವ ಕ್ರಮ ಉಲ್ಟಾ. ಮೊದಲು ರಸ್ತೆ ನೋಡಿ, ಆಮೇಲೆ ಟ್ರಾವೆಲ್ ಅಳೆಯಿರಿ, ಅದಾದ ಮೇಲೆ ಸ್ಪ್ರಿಂಗ್ ಮತ್ತು ಶಾಕ್ (ಶಾಕ್ ಅಬ್ಸಾರ್ಬರ್) ಆರಿಸಿ. ಎಷ್ಟು ಎಂಎಂ ಅನ್ನುವುದು ಈ ಲೆಕ್ಕ ಮುಗಿದಾಗ ತಾನಾಗಿ ಗೊತ್ತಾಗುತ್ತದೆ.

ನೀವು ಓಡಿಸುವ ರಸ್ತೆ ಯಾವುದು?

ಎಕ್ಸ್‌ಪ್ರೆಸ್‌ವೇ ನೋಡಿಕೊಂಡು ಸೆಟಪ್ ಆರಿಸಬೇಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ 118 ಕಿ.ಮೀ. ಇದೆ, ಅದರ ಮೇಲೆ 40 ಎಂಎಂ ಇಳಿಸಿದ ಕಾರೂ ಆರಾಮಾಗಿ ಹೋಗುತ್ತದೆ, ಸೇತುವೆ ಜಾಯಿಂಟ್ ಬಂದಾಗ ಒಂದು ಸಲ ಟಪ್ ಅನ್ನಬಹುದು ಅಷ್ಟೇ. ಆದರೆ ಆ ಹೆದ್ದಾರಿಗೆ ಹತ್ತಬೇಕಾದರೆ ಮನೆಯಿಂದ ಹೊರಡಬೇಕಲ್ವಾ? ಕುವೆಂಪುನಗರ, ಸರಸ್ವತಿಪುರಂ ಕಡೆ ಎಷ್ಟೋ ಮನೆಗಳ ಗೇಟಿನ ಮುಂದೆ ಮೋರಿ ಇರುತ್ತದೆ, ಅದರ ಮೇಲೆ ಗಿಡ್ಡ ಕಾಂಕ್ರೀಟ್ ರ‍್ಯಾಂಪ್. ಮೂರಡಿ ಉದ್ದಕ್ಕೆ ಅರ್ಧ ಅಡಿ ಏರಿಬಿಡುತ್ತದೆ. ಅಂದರೆ ಆರಕ್ಕೆ ಒಂದು. ಈಗ ನಿಮ್ಮ ಕಾರಿನ ಮುಂದಿನ ಬಂಪರ್ ತುಟಿ ನೆಲದಿಂದ 110 ಎಂಎಂ ಎತ್ತರದಲ್ಲಿದೆ, ಮುಂದಿನ ಟೈರು ನೆಲ ಮುಟ್ಟುವ ಜಾಗದಿಂದ ಆ ತುಟಿಗೆ 800 ಎಂಎಂ ದೂರ ಇದೆ ಅಂದುಕೊಳ್ಳಿ. ಏಳೂಕಾಲಕ್ಕೆ ಒಂದರಷ್ಟು ಏರಿದ್ದರೆ ಮಾತ್ರ ನೇರ ಹತ್ತುತ್ತದೆ. 30 ಎಂಎಂ ಇಳಿಸಿದರೆ ಹತ್ತಕ್ಕೆ ಒಂದು. ಅಂದರೆ ಈಗಲೇ ಓರೆಯಾಗಿ ಹತ್ತಿಸುತ್ತಿರುವ ರ‍್ಯಾಂಪ್ ಮುಂದೆ ಓರೆಯಾಗಿಯೂ ಹತ್ತದೇ ಹೋಗಬಹುದು. ನಿಮ್ಮ ಕಾರಿಗೆ ಈ ಎರಡು ಅಳತೆ ತೆಗೆದುಕೊಳ್ಳಿ, ಟೇಪ್ ಇದ್ದರೆ ಐದು ನಿಮಿಷದ ಕೆಲಸ.

ಹಂಪ್ ವಿಷಯ ಇನ್ನೂ ಮಜಾ ಇದೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. 718 ಬಾಕ್ಸ್‌ಸ್ಟರ್‌ನ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2,475 ಎಂಎಂ. ಇಂಥ ಹಂಪ್ ಮೇಲೆ ಹಿಂದಿನ ಮುಂದಿನ ಚಕ್ರ ಎರಡೂ ಒಟ್ಟಿಗೆ ನಿಲ್ಲುತ್ತವೆ, ಹಾಗಾಗಿ ಕಾರಿನ ಹೊಟ್ಟೆ ಕಳೆದುಕೊಳ್ಳುವುದು ಬರೀ 45 ಎಂಎಂ. ಲೆಕ್ಕ ಸುಲಭ: ವೀಲ್‌ಬೇಸನ್ನು ಅದರಿಂದಲೇ ಗುಣಿಸಿ, ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿ. ನಿಯಮದ ಪ್ರಕಾರ ಕಟ್ಟಿದ ಹಂಪ್ ಇಳಿಸಿದ ಕಾರಿಗೂ ಶತ್ರು ಅಲ್ಲ. ಶತ್ರು ಯಾವುದು ಅಂದರೆ, ಊರಲ್ಲಿ ಒಂದು ಆ್ಯಕ್ಸಿಡೆಂಟ್ ಆದ ಮಾರನೇ ದಿನ ಜನರೇ ಸೇರಿ ಹಾಕಿದ, ಒಂದೂವರೆ ಅಡಿ ಅಗಲ ಮುಕ್ಕಾಲು ಗೇಣು ಎತ್ತರದ ದಿಣ್ಣೆ. ಅದು ಎರಡು ಚಕ್ರಗಳ ನಡುವೆ ಪೂರ್ತಿ ಕೂತುಬಿಡುತ್ತದೆ. ಅದರ ಎತ್ತರ ಎಷ್ಟೋ ಅಷ್ಟನ್ನೂ ಹೊಟ್ಟೆಯೇ ಕೊಡಬೇಕು. ಬನ್ನೂರು, ಟಿ. ನರಸೀಪುರ ಕಡೆಯ ಒಳರಸ್ತೆಗಳಲ್ಲಿ, ವಿಶ್ವೇಶ್ವರಯ್ಯ ನಾಲೆ ಪಕ್ಕದ ದಾರಿಗಳಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸುಗ್ಗಿ ಕಾಲದ ಒಂದು ಅಪಾಯವನ್ನು ಮಾತ್ರ ಹೇಳಿಯೇ ಮುಂದೆ ಹೋಗುತ್ತೇನೆ, ಏಕೆಂದರೆ ಹೊರಗಿನ ಯಾವ ಗೈಡ್‌ನಲ್ಲೂ ಇದು ಸಿಗುವುದಿಲ್ಲ. ನಮ್ಮ ಹಳ್ಳಿ ರಸ್ತೆಗಳಲ್ಲಿ ಹುರುಳಿ, ರಾಗಿ ಒಕ್ಕಣೆಗೆ ಹರಡಿರುತ್ತಾರೆ. ಎತ್ತರದ ಗಾಡಿ ಅದರ ಮೇಲೆ ಹಾದುಹೋಗುತ್ತದೆ. ತಗ್ಗಿದ ಕಾರು ಒಣಗಿದ ಹುರುಳಿ ಬಳ್ಳಿಯನ್ನು ಬಾಚಿಕೊಂಡು ಹೋಗುತ್ತದೆ, ಅದು ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಪಕ್ಕದಲ್ಲೇ ಕಾದ ಎಕ್ಸಾಸ್ಟ್. ಹೀಗೆ ಕಾರಿಗೆ ಬೆಂಕಿ ಹತ್ತಿದ ಸುದ್ದಿ ನಮ್ಮ ಕಡೆ ಹೊಸದಲ್ಲ. ಆ ಕಾಲದಲ್ಲಿ ಆ ರಸ್ತೆ ಬಿಟ್ಟು ಬೇರೆ ದಾರಿ ಹಿಡಿಯಿರಿ. ದಾರಿಯೇ ಇಲ್ಲ ಅಂದರೆ ದಾಟಿದ ಕೂಡಲೇ ನಿಲ್ಲಿಸಿ ಬಗ್ಗಿ ನೋಡಿ.

ಏನನ್ನೂ ಕೊಳ್ಳದೆ ರಸ್ತೆ ಪರೀಕ್ಷೆ ಮಾಡುವ ಒಂದು ದಾರಿ ಇದೆ. ಸ್ಟೇಷನರಿ ಅಂಗಡಿಯಲ್ಲಿ ಥರ್ಮಕೋಲ್ ಸಿಗುತ್ತದಲ್ಲ, ಅದನ್ನು ಎಷ್ಟು ಇಳಿಸಬೇಕು ಅಂದುಕೊಂಡಿದ್ದೀರೋ ಅಷ್ಟೇ ದಪ್ಪಕ್ಕೆ ಕತ್ತರಿಸಿ. ಬಂಪರಿನ ತುಟಿಯ ಕೆಳಗೆ, ಸೈಡ್ ಸ್ಕರ್ಟ್ ಮಧ್ಯದಲ್ಲಿ, ಹೊಟ್ಟೆಯ ಅತಿ ತಗ್ಗಿನ ಜಾಗದಲ್ಲಿ ಗಟ್ಟಿ ಟೇಪ್ ಹಾಕಿ ಅಂಟಿಸಿ. ಎಕ್ಸಾಸ್ಟ್ ಹತ್ತಿರ ಮಾತ್ರ ಬೇಡ, ಕರಗಿ ಹೊತ್ತಿಕೊಳ್ಳುತ್ತದೆ. ಒಂದು ವಾರ ನಿಮ್ಮ ಮಾಮೂಲಿ ದಾರಿಯಲ್ಲೇ ಓಡಿಸಿ. ಆಫೀಸು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್, ಮಾವನ ಮನೆ, ಎಲ್ಲ. ವಾರ ಕಳೆದ ಮೇಲೆ ಯಾವ ತುಂಡು ಸವೆದಿದೆ, ಯಾವುದು ಹಾರಿಹೋಗಿದೆ ಅಂತ ನೋಡಿದರೆ ಸಾಕು. ಗಟ್ಟಿ ಸ್ಪ್ರಿಂಗ್ ಬಂದ ಮೇಲೆ ಬ್ರೇಕ್ ಹಾಕಿದಾಗ ಮೂತಿ ಇಷ್ಟು ಬಗ್ಗುವುದಿಲ್ಲ, ಹಾಗಾಗಿ ಈ ಪರೀಕ್ಷೆ ನಿಜಕ್ಕಿಂತ ಸ್ವಲ್ಪ ಬಿಗಿ. ಇರಲಿ, ಬಿಗಿಯಾಗಿದ್ದರೆ ಒಳ್ಳೆಯದೇ. ದಸರಾಕ್ಕೆ ಮುಂಚೆ ಹೊಸ ಟಾರು ಬಿದ್ದ ವಾರದಲ್ಲಿ ಮಾತ್ರ ಈ ಪರೀಕ್ಷೆ ಮಾಡಬೇಡಿ, ರಿಸಲ್ಟ್ ಸುಳ್ಳು ಹೇಳುತ್ತದೆ.

ಟ್ರಾವೆಲ್ ಅಳೆಯುವುದು

ಕಾರು ನಾಲ್ಕು ಚಕ್ರದ ಮೇಲೆ ನಿಂತಿರುವಾಗ, ಶಾಕಿನ ರಬ್ಬರ್ ಬೂಟ್ ಮೇಲೆತ್ತಿ ಒಳಗೆ ನೋಡಿ. ಹೊಳೆಯುವ ರಾಡ್ ಕಾಣುತ್ತದೆ, ಮೇಲ್ಗಡೆ ಬಂಪ್ ಸ್ಟಾಪ್ ಅನ್ನುವ ಫೋಮ್ ರಬ್ಬರ್. ಶಾಕಿನ ಮೈಯ ತುದಿಯಿಂದ ಆ ರಬ್ಬರಿನ ತಳದವರೆಗೆ ಇರುವ ಅಂತರವೇ ನಿಮಗೆ ಉಳಿದಿರುವ ಬಂಪ್ ಟ್ರಾವೆಲ್. ಬರೆದಿಟ್ಟುಕೊಳ್ಳಿ. ಈಗ ಅದೇ ರಾಡಿಗೆ ಒಂದು ಸಣ್ಣ ಜಿಪ್ ಟೈ ಕಟ್ಟಿ, ಶಾಕಿನ ಮೈ ಮುಟ್ಟುವ ಹಾಗೆ ಕೆಳಕ್ಕೆ ತಳ್ಳಿ. ನಿಮ್ಮ ಮಾಮೂಲಿ ದಾರಿಯಲ್ಲಿ ಓಡಿಸಿ ಬನ್ನಿ. ಚಕ್ರ ಮೇಲೆದ್ದಾಗಲೆಲ್ಲ ಶಾಕಿನ ಮೈ ಆ ಟೈಯನ್ನು ತಳ್ಳುತ್ತದೆ, ಟೈ ಅಲ್ಲೇ ನಿಲ್ಲುತ್ತದೆ. ವಾಪಸ್ ಬಂದು ನೋಡಿದರೆ ಅತಿ ಜಾಸ್ತಿ ಎಷ್ಟು ಟ್ರಾವೆಲ್ ಬಳಸಿದ್ದೀರಿ ಅನ್ನುವುದು ಕಣ್ಣೆದುರೇ ಇರುತ್ತದೆ. ರಾಡ್ ಕಾಣದ ಉಲ್ಟಾ ಮಾನೋಟ್ಯೂಬ್ ಶಾಕ್ ಇದ್ದರೆ ಈ ಉಪಾಯ ನಡೆಯುವುದಿಲ್ಲ.

ಎತ್ತರ ಅಳೆಯುವಾಗ ನೆಲದಿಂದ ಫೆಂಡರಿಗೆ ಅಳೆಯಬೇಡಿ. ವೀಲಿನ ಮಧ್ಯಬಿಂದುವಿನಿಂದ ಫೆಂಡರ್ ಅಂಚಿಗೆ ಅಳೆಯಿರಿ, ಆಗ ಟೈರಿನ ಗಾಳಿ, ಸವೆತ ಲೆಕ್ಕ ಕೆಡಿಸುವುದಿಲ್ಲ.

ಈಗ ಮುಖ್ಯವಾದ ಲೆಕ್ಕ. ಉದಾಹರಣೆಗೆ ನಿಮ್ಮ ಕಾರಿನಲ್ಲಿ 80 ಎಂಎಂ ಬಂಪ್ ಟ್ರಾವೆಲ್ ಇದೆ ಅನ್ನೋಣ. 30 ಎಂಎಂ ಇಳಿಸಿದಿರಿ, ಉಳಿದದ್ದು 50. ಅದೇ ಗುಂಡಿಯ ಅದೇ ಏಟನ್ನು ಈಗ 50 ಎಂಎಂನಲ್ಲೇ ಅರಗಿಸಿಕೊಳ್ಳಬೇಕು. ಸ್ಪ್ರಿಂಗ್ ಹಿಡಿದಿಡುವ ಶಕ್ತಿ ಅದು ಕುಗ್ಗುವ ದೂರದ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಅಷ್ಟೇ ಏಟಿಗೆ ಬೇಕಾದ ಸ್ಪ್ರಿಂಗ್ 80ನ್ನು 50ರಿಂದ ಭಾಗಿಸಿದ್ದರ ವರ್ಗದಷ್ಟು, ಅಂದರೆ ಎರಡೂವರೆ ಪಟ್ಟು ಗಟ್ಟಿ ಇರಬೇಕು. ಶಾಕ್ ಕೂಡ ಒಂದಷ್ಟು ಏಟು ನುಂಗುತ್ತದೆ, ಹಾಗಾಗಿ ನಿಜದಲ್ಲಿ ಅಷ್ಟೊಂದು ಬೇಡ. ಆದರೆ ಬಾಕ್ಸಿನಲ್ಲಿ ಬರುವ ಲೋವರಿಂಗ್ ಸ್ಪ್ರಿಂಗ್ ಸಾಮಾನ್ಯವಾಗಿ ಕಂಪನಿ ಸ್ಪ್ರಿಂಗಿಗಿಂತ ಕಾಲು ಭಾಗದಷ್ಟು ಗಟ್ಟಿ, ಇನ್ನೂ ಸ್ವಲ್ಪ ಜಾಸ್ತಿ ಇದ್ದರೂ ಇದ್ದೀತು. ಉಳಿದದ್ದನ್ನು ಯಾರು ಹೊರುತ್ತಾರೆ? ಬಂಪ್ ಸ್ಟಾಪ್. ಇಳಿಸಿದ ಮೇಲೆ ಕಾರು ಕುದುರೆಯ ಹಾಗೆ ಕುಣಿಯುತ್ತದೆ ಅಂತ ಬೈಯುವವರಲ್ಲಿ ಎಷ್ಟೋ ಜನ ಓಡಿಸುತ್ತಿರುವುದು ಸ್ಪ್ರಿಂಗ್ ಮೇಲಲ್ಲ, ಆ ರಬ್ಬರಿನ ಮೇಲೆ.

ಬಂಪ್ ಸ್ಟಾಪ್ ಮುಟ್ಟುವುದೇ ಪಾಪ ಅಂತಲ್ಲ. ಈಗಿನ ಫೋಮ್ ಸ್ಟಾಪ್‌ಗಳು ನಿಧಾನವಾಗಿ ಗಟ್ಟಿಯಾಗುವ ಎರಡನೇ ಸ್ಪ್ರಿಂಗ್ ಇದ್ದ ಹಾಗೆಯೇ ಕೆಲಸ ಮಾಡುತ್ತವೆ, ಎಷ್ಟೋ ಸ್ಪೋರ್ಟ್ಸ್ ಕಾರುಗಳಲ್ಲಿ ಜೋರು ತಿರುವಿನಲ್ಲಿ ಅದು ತಾಗಲಿ ಅಂತಲೇ ಡಿಸೈನ್ ಮಾಡಿರುತ್ತಾರೆ. ಹಠಾತ್ತಾಗಿ ತಾಗುವುದು ಮಾತ್ರ ಕೆಟ್ಟದ್ದು. ಚಾಮುಂಡಿ ಬೆಟ್ಟ ಇಳಿಯುವಾಗ ತಿರುವಿನ ಮಧ್ಯೆ ಹೊರಗಿನ ಮುಂದಿನ ಚಕ್ರದ ಟ್ರಾವೆಲ್ ಮುಗಿದರೆ ಕಾರು ತಿರುಗದೆ ನೇರ ಹೋಗಲು ನೋಡುತ್ತದೆ. ಹಿಂದಿನದು ಮುಗಿದರೆ ಬಾಲ ಹೊರಗೆ ಬರುತ್ತದೆ. ಎರಡನೆಯದು ಜಾಸ್ತಿ ಭಯದ್ದು.

ಯಾವ ದಾರಿ ಯಾರಿಗೆ

ಬರೀ ಲೋವರಿಂಗ್ ಸ್ಪ್ರಿಂಗ್. ಐಬಾಕ್, ಎಚ್ ಆ್ಯಂಡ್ ಆರ್ ಇಂಥ ಕಂಪನಿಗಳದ್ದು. ಅಗ್ಗ, ಕೆಲಸ ಬೇಗ ಮುಗಿಯುತ್ತದೆ. ಕಾರು ಹೊಸದಾಗಿದ್ದು, ಇಳಿಕೆ 15ರಿಂದ 20 ಎಂಎಂ ಒಳಗಿದ್ದು, ಆಸೆ ಬರೀ ನೋಟದ್ದಾಗಿದ್ದರೆ ಇದು ಸಾಕು, ಧಾರಾಳವಾಗಿ ಹಾಕಿಸಿ. ಸ್ಪ್ರಿಂಗ್ 30 ಪರ್ಸೆಂಟ್ ಗಟ್ಟಿಯಾದರೆ ಶಾಕಿನ ಹಿಡಿತ 14 ಪರ್ಸೆಂಟಿನಷ್ಟು ಜಾಸ್ತಿ ಬೇಕು, ಅದು ವರ್ಗಮೂಲದ ಲೆಕ್ಕ. ಹೊಸ ಶಾಕ್ ಅಷ್ಟನ್ನು ಹೇಗೋ ನಿಭಾಯಿಸುತ್ತದೆ. 60 ಸಾವಿರ ಕಿ.ಮೀ. ಓಡಿದ ಸೆಕೆಂಡ್ ಹ್ಯಾಂಡ್ ಕಾರಿನ ಶಾಕ್ ಕಂಪನಿ ಸ್ಪ್ರಿಂಗನ್ನೇ ಸರಿಯಾಗಿ ಹಿಡಿಯುತ್ತಿರುವುದಿಲ್ಲ, ಇನ್ನು ಗಟ್ಟಿ ಸ್ಪ್ರಿಂಗ್ ಹಿಡಿಯುವುದೆಲ್ಲಿ ಬಂತು. ನಮ್ಮಲ್ಲಿ ಸ್ಪೋರ್ಟ್ಸ್ ಕಾರ್ ಕೊಳ್ಳುವವರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ತುಂಬ, ಅವರಿಗೆ ಬರೀ ಸ್ಪ್ರಿಂಗ್ ಬೇಡ ಅಂತಲೇ ಹೇಳುತ್ತೇನೆ.

ಸ್ಪ್ರಿಂಗ್ ಜೊತೆಗೆ ಗಿಡ್ಡ ಶಾಕ್. ನನ್ನ ಓಟು ಇದಕ್ಕೆ. ಬಿಲ್‌ಸ್ಟೀನ್ ಕಂಪನಿಯ ಬಿ6 ಶಾಕ್ ಮಾಮೂಲಿ ಎತ್ತರದ ಕಾರಿಗೆ, ಬಿ8 ಇಳಿಸಿದ ಕಾರಿಗೆ ಅಂತಲೇ ಗಿಡ್ಡ ಮಾಡಿದ್ದು. ಬಿ12 ಅಂದರೆ ಬಿ8 ಶಾಕಿಗೆ ಐಬಾಕ್ ಸ್ಪ್ರಿಂಗ್ ಜೋಡಿಸಿ ಕೊಡುವ ಕಿಟ್. ಇಲ್ಲಿ ಎತ್ತರ ತಿರುಗಿಸಿ ಬದಲಿಸೋಕೆ ಆಗುವುದಿಲ್ಲ. ಅದೇ ಇದರ ಗುಣ ಅಂತ ನನಗನ್ನಿಸುತ್ತದೆ, ಯಾಕೆಂದರೆ ತಿರುಗಿಸೋಕೆ ಬಂದರೆ ಜನ ತಿರುಗಿಸದೆ ಬಿಡುವುದಿಲ್ಲ. ಸ್ಪ್ರಿಂಗಿಗೂ ಶಾಕಿಗೂ ಹೊಂದಾಣಿಕೆಯನ್ನು ಫ್ಯಾಕ್ಟರಿಯಲ್ಲೇ ನೋಡಿರುತ್ತಾರೆ, ನೀವು ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ, ಮರೆತುಬಿಡಬಹುದು.

ಕಾಯಿಲ್‌ಓವರ್. ಅಂದರೆ ಶಾಕಿನ ಸುತ್ತ ಸ್ಪ್ರಿಂಗ್ ಕೂತ ಒಂದೇ ಜೋಡಣೆ, ಎತ್ತರ ನಿಮ್ಮ ಕೈಯಲ್ಲಿ. ಕೆಡಬ್ಲ್ಯೂ ಕಂಪನಿಯ ವಿ1ರಲ್ಲಿ ಎತ್ತರ ಮಾತ್ರ ಬದಲಿಸಬಹುದು, ವಿ2ರಲ್ಲಿ ರಿಬೌಂಡ್ (ಕುಗ್ಗಿದ ಶಾಕ್ ವಾಪಸ್ ಉದ್ದವಾಗುವಾಗಿನ ಹಿಡಿತ) ಕೂಡ, ವಿ3ರಲ್ಲಿ ರಿಬೌಂಡ್ ಮತ್ತು ಕಂಪ್ರೆಶನ್ (ಕುಗ್ಗುವಾಗಿನ ಹಿಡಿತ) ಎರಡೂ ಬೇರೆ ಬೇರೆ. ಬಿಲ್‌ಸ್ಟೀನ್‌ನಲ್ಲಿ ಬಿ14, ಬಿ16. ಬಿಸಿ ರೇಸಿಂಗ್ ಕಂಪನಿಯ ಬಿಆರ್ ಸರಣಿಯಲ್ಲಿ 30 ಕ್ಲಿಕ್, ಅಂದರೆ ಹಿಡಿತ ಬದಲಿಸಲು 30 ಹಂತ. ಸುಂಕ ಎಲ್ಲ ಸೇರಿದರೆ ಒಳ್ಳೆಯ ಸೆಟ್ ಲಕ್ಷ ದಾಟುತ್ತದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಆಗಾಗ ಹೋಗುವ ಅಭ್ಯಾಸ ಇದ್ದರೆ, ಹೋಗುವ ದಾರಿಯ ದಿಂಬಂ ಘಾಟಿನ 27 ಹೇರ್‌ಪಿನ್ ತಿರುವುಗಳನ್ನೂ ಅದೇ ಕಾರಿನಲ್ಲಿ ದಾಟಬೇಕಾದ್ದರಿಂದ, ಹೊಂದಿಸಿಕೊಳ್ಳಬಹುದಾದ ಶಾಕಿಗೆ ಅರ್ಥ ಇದೆ. ಟ್ರ್ಯಾಕ್ ಮುಖವನ್ನೇ ನೋಡದ ಕಾರಿಗೆ 30 ಕ್ಲಿಕ್ ಯಾಕೆ ಹೇಳಿ.

ಕಾಯಿಲ್‌ಓವರ್‌ನಲ್ಲೂ ಎರಡು ಜಾತಿ. ಒಂದರಲ್ಲಿ ಸ್ಪ್ರಿಂಗ್ ಕೂರುವ ತಟ್ಟೆಯನ್ನು ಕೆಳಗಿಳಿಸಿ ಎತ್ತರ ತಗ್ಗಿಸುತ್ತೀರಿ, ಆಗ ಬಂಪ್ ಟ್ರಾವೆಲ್ ಅಷ್ಟೇ ಕಡಿಮೆಯಾಗುತ್ತದೆ. ಇನ್ನೊಂದರಲ್ಲಿ ಶಾಕಿನ ಕೆಳಗಿನ ಬ್ರಾಕೆಟ್ ಬೇರೆಯಾಗಿ ತಿರುಗುತ್ತದೆ, ಶಾಕಿನ ಉದ್ದವೇ ಗಿಡ್ಡವಾಗುತ್ತದೆ, ಸ್ಪ್ರಿಂಗ್ ಇದ್ದ ಹಾಗೇ ಇರುತ್ತದೆ, ಶಾಕಿನೊಳಗಿನ ಟ್ರಾವೆಲ್ ಉಳಿಯುತ್ತದೆ. ನಮ್ಮ ರಸ್ತೆಗೆ ಎರಡನೆಯದು ಮೇಲು. ಒಂದು ಎಚ್ಚರಿಕೆ: ಶಾಕಿನಲ್ಲಿ ಟ್ರಾವೆಲ್ ಉಳಿದರೂ ಟೈರು ಫೆಂಡರ್ ಲೈನರಿಗೆ ತಾಗಬಹುದು. ಸ್ಪ್ರಿಂಗ್ ತೆಗೆದು, ಚಕ್ರ ಹಾಕಿ, ಜಾಕಿನಿಂದ ಚಕ್ರವನ್ನು ಪೂರ್ತಿ ಮೇಲೆತ್ತಿ, ಸ್ಟಿಯರಿಂಗ್ ಎರಡೂ ಕಡೆ ತಿರುಗಿಸಿ ನೋಡಿದ ಮೇಲೆಯೇ ಎತ್ತರ ತೀರ್ಮಾನಿಸಿ ಅಂತ ಫಿಟ್ ಮಾಡುವವರಿಗೆ ಹೇಳಿ. ಸ್ವಲ್ಪ ಗೊಣಗುತ್ತಾರೆ. ಗೊಣಗಲಿ.

ಏರ್ ಸಸ್ಪೆನ್ಶನ್ ಹಂಪ್ ಬಂದಾಗ ಎತ್ತಿಕೊಳ್ಳುತ್ತದೆ ಅನ್ನುವುದು ನಿಜ, ಆದರೆ ಕಂಪ್ರೆಸರ್, ಟ್ಯಾಂಕು, ಪೈಪು, ಲೀಕು, ತೂಕ ಎಲ್ಲ ಜೊತೆಗೇ ಬರುತ್ತವೆ. ದುಡ್ಡಿದ್ದವರು ಇದಕ್ಕಿಂತ ಮುಂದಿನ ಆಕ್ಸಲ್ ಮಾತ್ರ ಎತ್ತುವ ಲಿಫ್ಟ್ ಕಡೆ ನೋಡಬಹುದು. ಪೋರ್ಶೆ ತನ್ನ 911ಕ್ಕೆ ಕೊಡುವ ಲಿಫ್ಟ್ ಮೂತಿಯನ್ನು ಸುಮಾರು 40 ಎಂಎಂ ಎತ್ತುತ್ತದೆ, ಮೋರಿ ರ‍್ಯಾಂಪಿಗೆ ಅದೇ ಔಷಧಿ. ಹೊಟ್ಟೆ ತಾಗುವ ದಿಣ್ಣೆಗೆ ಅದರಿಂದ ಅರ್ಧ ಲಾಭ ಮಾತ್ರ.

ಇನ್ನು "ಸಾರ್, ಎರಡು ಸುತ್ತು ಕಟ್ ಮಾಡಿಬಿಡೋಣ, ಒಂದು ಗಂಟೆ ಕೆಲಸ" ಅನ್ನುವವರು ಎಲ್ಲ ಕಡೆ ಇದ್ದಾರೆ. ಬೇಡಪ್ಪ ಅಂದುಬಿಡಿ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ಕತ್ತರಿಸಿದರೆ 20 ಪರ್ಸೆಂಟ್ ಗಟ್ಟಿಯಾಗುತ್ತದೆ, ಅಷ್ಟು ನಿಜ. ಆದರೆ ಕತ್ತರಿಸಿದ ತುದಿ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಗ್ಯಾಸ್ ಕಟರ್ ಬಳಸಿದರೆ ಆ ಜಾಗದ ಉಕ್ಕಿನ ಹದವೇ ಹೋಗುತ್ತದೆ. ಹಂಪ್ ಮೇಲೆ ಚಕ್ರ ನೇತುಬಿದ್ದಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಜರುಗುತ್ತದೆ. ಒಳ್ಳೆಯ ಕಿಟ್‌ಗಳಲ್ಲಿ ಹೆಲ್ಪರ್ ಸ್ಪ್ರಿಂಗ್ ಅಂತ ಚಪ್ಪಟೆ ಸಣ್ಣ ಸ್ಪ್ರಿಂಗ್ ಇರುವುದು ಇದನ್ನು ತಡೆಯುವುದಕ್ಕೇ.

ಕಾರಿನಲ್ಲಿ ಎಲೆಕ್ಟ್ರಾನಿಕ್ ಶಾಕ್ ಇದ್ದರೆ, ಪೋರ್ಶೆಯ ಪಿಎಎಸ್ಎಂ ಥರದ್ದು, ಮೊದಲು ಒಂದು ವಿಷಯ ನೋಡಿಕೊಳ್ಳಿ. 718ರಲ್ಲಿ ಪಿಎಎಸ್ಎಂ ಆಯ್ಕೆ ಮಾಡಿದ ಕಾರು ಫ್ಯಾಕ್ಟರಿಯಿಂದಲೇ 10 ಎಂಎಂ ತಗ್ಗಿ ಬಂದಿರುತ್ತದೆ, ಅದರ ಸ್ಪೋರ್ಟ್ ಆವೃತ್ತಿ 20 ಎಂಎಂ. ಅಂದರೆ ಅರ್ಧ ಕೆಲಸ ಅವರೇ ಮಾಡಿ ಕೊಟ್ಟಿದ್ದಾರೆ. ಅದರ ಮೇಲೆ ಮತ್ತೆ 30 ಇಳಿಸಿದರೆ ಲೆಕ್ಕ 30 ಅಲ್ಲ. ಮತ್ತೆ, ಆ ಎಲೆಕ್ಟ್ರಾನಿಕ್ಸ್ ಜೊತೆ ಮಾತಾಡುವ ಕಿಟ್ ತೆಗೆದುಕೊಳ್ಳಬೇಕು, ಬಿ16 ಡ್ಯಾಂಪ್‌ಟ್ರಾನಿಕ್ ಅಂಥದ್ದು. ಮಾಮೂಲಿ ಶಾಕ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ವಾರ್ನಿಂಗ್ ದೀಪ ಉರಿಯುತ್ತದೆ, ಅದನ್ನು ಆರಿಸೋಕೆ ಬೇರೆ ಮಾಡ್ಯೂಲ್ ಬೇಕು.

ಸ್ಪ್ರಿಂಗ್ ನಂಬರ್ ಓದುವುದು ಹೇಗೆ

"ನನ್ನ ಕಾರಿಗೆ 8 ಕೆಜಿ ಸ್ಪ್ರಿಂಗ್" ಅಂತ ಹೆಮ್ಮೆಯಿಂದ ಹೇಳುತ್ತಾರೆ. ಅಂದರೆ ಒಂದು ಎಂಎಂ ಕುಗ್ಗಿಸಲು 8 ಕೆಜಿ ಭಾರ ಬೇಕು. ಆ ಸಂಖ್ಯೆ ಒಂದೇ ಇಟ್ಟುಕೊಂಡು ಏನೂ ಹೇಳೋಕಾಗುವುದಿಲ್ಲ. ಸ್ಪ್ರಿಂಗ್ ಎಲ್ಲಿ ಕೂತಿದೆ ಅನ್ನುವುದೂ ಬೇಕು. ಬಾಕ್ಸ್‌ಸ್ಟರ್‌ನಲ್ಲಿ ನಾಲ್ಕೂ ಕಡೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕೂ ಸ್ಪ್ರಿಂಗೂ ಒಂದೇ ಕಂಬವಾಗಿ ಚಕ್ರ ಹಿಡಿದಿರುವ ಜೋಡಣೆ), ಚಕ್ರ ಒಂದು ಎಂಎಂ ಎದ್ದರೆ ಸ್ಪ್ರಿಂಗ್ ಹೆಚ್ಚುಕಡಿಮೆ 0.95 ಎಂಎಂ ಕುಗ್ಗುತ್ತದೆ. ಈ ಅನುಪಾತದ ವರ್ಗ 0.9, ಅದರಿಂದ ಸ್ಪ್ರಿಂಗ್ ನಂಬರನ್ನು ಗುಣಿಸಿದರೆ ಚಕ್ರಕ್ಕೆ ಸಿಗುವ ಗಟ್ಟಿತನ. ಒಂದು ಮೂಲೆಯ ತೂಕ 370 ಕೆಜಿ ಅನ್ನೋಣ, ಚಕ್ರ, ಬ್ರೇಕು ಎಲ್ಲ 40 ಕಳೆದರೆ 330. 4 ಕೆಜಿ ಸ್ಪ್ರಿಂಗ್ ಆದರೆ 330ನ್ನು 3.6ರಿಂದ (4ಕ್ಕೆ 0.9 ಗುಣಿಸಿದ್ದು) ಭಾಗಿಸಿ, ಸುಮಾರು 92 ಎಂಎಂ, ಆ ಭಾರಕ್ಕೆ ಕುಗ್ಗುವ ದೂರ. 15.8 ಅನ್ನುವ ಸ್ಥಿರ ಸಂಖ್ಯೆಯನ್ನು ಇದರ ವರ್ಗಮೂಲದಿಂದ ಭಾಗಿಸಿದರೆ 1.65 ಹರ್ಟ್ಜ್, ಕಾರು ಸೆಕೆಂಡಿಗೆ ಅಷ್ಟು ಸಲ ಮೇಲೆ ಕೆಳಗೆ ಆಡುತ್ತದೆ. ಮಾಮೂಲಿ ಫ್ಯಾಮಿಲಿ ಕಾರು 1ರಿಂದ 1.5 ಹರ್ಟ್ಜ್, ರಸ್ತೆಯ ಸ್ಪೋರ್ಟ್ಸ್ ಕಾರು 1.5ರಿಂದ 2, ಅದರಾಚೆ ಟ್ರ್ಯಾಕ್ ಕಾರು. ಅದೇ ಕಾರಿಗೆ 6 ಕೆಜಿ ಹಾಕಿದರೆ 2 ಹರ್ಟ್ಜ್, 8 ಕೆಜಿ ಹಾಕಿದರೆ 2.3 ದಾಟುತ್ತದೆ. ನಾಲೆ ರಸ್ತೆಯಲ್ಲಿ 2.3 ಹರ್ಟ್ಜ್ ಅಂದರೆ ಬಾಯಲ್ಲಿನ ಹಲ್ಲು ಎಣಿಸಬಹುದು.

ಅದೇ 8 ಕೆಜಿ ಸ್ಪ್ರಿಂಗ್ ಡಬಲ್ ವಿಶ್‌ಬೋನ್ (ಮೇಲೊಂದು ಕೆಳಗೊಂದು ಆರ್ಮ್ ಚಕ್ರ ಹಿಡಿದಿರುವ) ಕಾರಿನಲ್ಲಿ, ಅನುಪಾತ 0.65 ಇದ್ದರೆ, ಚಕ್ರಕ್ಕೆ ಸಿಗುವುದು 3.4 ಕೆಜಿ ಮಾತ್ರ. ಸುಮಾರು 1.6 ಹರ್ಟ್ಜ್, ಆರಾಮ. ಆದ್ದರಿಂದ ಬೇರೆ ಕಾರಿನವರ ನಂಬರ್ ಕಾಪಿ ಹೊಡೆಯಬೇಡಿ. ನಮ್ಮ ಕಡೆಯ ಬಳಕೆಗೆ 1.6ರಿಂದ 1.8 ಸಾಕು ಅನ್ನುವುದು ನನ್ನ ಅಭಿಪ್ರಾಯ, ಹಿಂದಿನದು ಮುಂದಿನದಕ್ಕಿಂತ ಒಂದು ಚೂರು ಜಾಸ್ತಿ ಇರಲಿ. ಹಂಪನ್ನು ಮುಂದಿನ ಚಕ್ರ ಮೊದಲು ದಾಟುತ್ತದೆ, ಹಿಂದಿನದು ತಡವಾಗಿ. ಹಿಂದಿನದು ಸ್ವಲ್ಪ ಬೇಗ ಆಡಿದರೆ ಎರಡೂ ಜೊತೆಯಾಗಿ ಕಾರು ಬೇಗ ಸಮ ಆಗುತ್ತದೆ.

ಕ್ಲಿಕ್ ಇರುವ ಶಾಕ್ ಇದ್ದರೆ ಮಧ್ಯದಲ್ಲಿ ಶುರು ಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಹಂಪ್ ಇಳಿದ ಮೇಲೆ ಕಾರು ಎರಡನೇ ಸಲ ತೂಗಿದರೆ ರಿಬೌಂಡ್ ಕಡಿಮೆಯಾಗಿದೆ. ಒಂದರ ಹಿಂದೆ ಒಂದು ಸಣ್ಣ ಉಬ್ಬು ಬಂದಾಗ ಕಾರು ಮೇಲೇಳದೆ ಕೂತು ಕೂತು ತಗ್ಗುತ್ತಾ ಹೋದರೆ ರಿಬೌಂಡ್ ಜಾಸ್ತಿಯಾಗಿದೆ. ಎಷ್ಟೋ ಜನ ಎರಡನೆಯದನ್ನು ಸ್ಪ್ರಿಂಗ್ ಗಟ್ಟಿ ಅಂದುಕೊಂಡು ಇನ್ನೂ ಬಿಗಿ ಮಾಡುತ್ತಾರೆ.

ಇಳಿಸಿದಾಗ ಕೆಳಗೆ ಏನಾಗುತ್ತದೆ

ಚಕ್ರವನ್ನು ಕೆಳಗಡೆ ಕಾರಿಗೆ ಜೋಡಿಸುವ ಲೋವರ್ ಆರ್ಮ್ 330 ಎಂಎಂ ಉದ್ದ ಇದ್ದರೆ, 30 ಎಂಎಂ ಇಳಿಕೆಗೆ ಅದರ ಕೋನ 5 ಡಿಗ್ರಿಗಿಂತ ಜಾಸ್ತಿ ಬದಲಾಗುತ್ತದೆ. ಮ್ಯಾಕ್‌ಫರ್ಸನ್ ಕಾರಿನಲ್ಲಿ ಇದರ ಪರಿಣಾಮ ದೊಡ್ಡದು. ಕಾರಿನ ಭಾರದ ಕೇಂದ್ರ 30 ಎಂಎಂ ಇಳಿದರೆ ರೋಲ್ ಸೆಂಟರ್ (ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಎರಡರ ನಡುವಿನ ಅಂತರ ಬೆಳೆದು, ತಗ್ಗಿದ ಕಾರು ತಿರುವಿನಲ್ಲಿ ಮೊದಲಿಗಿಂತ ಜಾಸ್ತಿ ವಾಲಲು ನೋಡುತ್ತದೆ. ಸ್ಪ್ರಿಂಗ್ ಗಟ್ಟಿ ಮಾಡುವುದರಲ್ಲಿ ಒಂದಷ್ಟು ಭಾಗ ಈ ನಷ್ಟ ತುಂಬಿಕೊಳ್ಳುವುದಕ್ಕೇ ಹೋಗುತ್ತದೆ. ಸ್ಟಿಯರಿಂಗಿನಿಂದ ಚಕ್ರ ತಿರುಗಿಸುವ ಟೈ ರಾಡ್ ಕೋನವೂ ಕೆಡುತ್ತದೆ, ಆಗ ಚಕ್ರ ಎದ್ದಾಗಲೆಲ್ಲ ಸ್ಟಿಯರಿಂಗ್ ತಾನೇ ಒಂದು ಚೂರು ತಿರುಗುತ್ತದೆ. ಬಂಪ್ ಸ್ಟಿಯರ್ ಅನ್ನುವುದು ಇದನ್ನೇ. 20 ಎಂಎಂ ಒಳಗೆ ಇವು ಗಮನಕ್ಕೆ ಬರುವುದು ಕಮ್ಮಿ. 30 ದಾಟಿದರೆ ಉದ್ದನೆಯ ಬಾಲ್ ಜಾಯಿಂಟ್, ಬೇರೆ ಟೈ ರಾಡ್ ಎಂಡ್, ಹೊಂದಿಸಬಹುದಾದ ಲಿಂಕ್ ರಾಡ್ ಇವುಗಳಿಗೂ ಬಜೆಟ್ ಇಟ್ಟುಕೊಳ್ಳಿ. ಅಷ್ಟು ದುಡ್ಡು ಇಲ್ಲ ಅಂದರೆ 30 ದಾಟಬೇಡಿ.

ಟೈರ್ ಬಗ್ಗೆ ಒಂದು ಮಾತು. ಇಳಿಸುವ ಜೊತೆಗೆ ದೊಡ್ಡ ವೀಲ್ ಹಾಕುವುದು ಫ್ಯಾಶನ್. 235/35 ಆರ್19 (ಅಗಲ 235 ಎಂಎಂ, ಗೋಡೆ ಅದರ 35 ಪರ್ಸೆಂಟ್, ರಿಮ್ 19 ಇಂಚು) ಬದಲು 235/40 ಆರ್18 ಹಾಕಿದರೆ ಒಟ್ಟು ವ್ಯಾಸ 2 ಎಂಎಂ ಅಷ್ಟೇ ಬದಲಾಗುತ್ತದೆ, ಆದರೆ ಟೈರಿನ ಗೋಡೆ 82ರಿಂದ 94 ಎಂಎಂ ಆಗುತ್ತದೆ. ಮಳೆಗಾಲದ ನಂತರ ಹುಣಸೂರು ರಸ್ತೆಯ ಗುಂಡಿಗೆ ಬಿದ್ದಾಗ ಆ 12 ಎಂಎಂ ರಬ್ಬರ್ ರಿಮ್ ಉಳಿಸುತ್ತದೆ. ಬ್ರೇಕ್ ಕ್ಯಾಲಿಪರ್ 18 ಇಂಚಿನೊಳಗೆ ಕೂರುತ್ತದೆಯೇ ಅಂತ ಮಾತ್ರ ಮೊದಲು ನೋಡಿ.

ಫಿಟ್ಟಿಂಗ್, ಅಲೈನ್‌ಮೆಂಟ್

ಸ್ಟ್ರಟ್ ಬಿಚ್ಚಿದಾಗ ಟಾಪ್ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಬೂಟ್ ಎಲ್ಲ ಹೊಸದೇ ಹಾಕಿಸಿ. ಲೇಬರ್ ಒಂದೇ ಸಲ ಕೊಟ್ಟ ಹಾಗಾಗುತ್ತದೆ. ಬಂಪ್ ಸ್ಟಾಪ್ ಕತ್ತರಿಸಬೇಕು ಅಂತ ಕಿಟ್ ಜೊತೆಗಿನ ಕಾಗದದಲ್ಲಿ ಬರೆದಿದ್ದರೆ ಅಷ್ಟೇ ಕತ್ತರಿಸಿ, ಬರೆದಿಲ್ಲ ಅಂದರೆ ಮುಟ್ಟಬೇಡಿ.

ಗ್ಯಾರೇಜ್‌ಗಳಲ್ಲಿ ಜಾಸ್ತಿ ತಪ್ಪುವುದು ಇಲ್ಲಿ: ಆರ್ಮ್‌ಗಳ ಕೀಲಿನಲ್ಲಿರುವ ರಬ್ಬರ್ ಬುಶ್‌ಗಳ ಬೋಲ್ಟ್‌ಗಳನ್ನು ಕಾರು ಲಿಫ್ಟಿನಲ್ಲಿ ನೇತಾಡುತ್ತಿರುವಾಗಲೇ ಪೂರ್ತಿ ಬಿಗಿ ಮಾಡಿಬಿಡುತ್ತಾರೆ. ಕಾರು ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಹಾಗೇ ತಿರುಚಿಕೊಂಡೇ ಓಡಿ ಬೇಗ ಹರಿಯುತ್ತದೆ, ಎತ್ತರವೂ ಸರಿ ಕಾಣುವುದಿಲ್ಲ. ಬೋಲ್ಟ್ ಸಡಿಲ ಇಟ್ಟು, ಭಾರ ಚಕ್ರದ ಮೇಲೆ ಬಂದ ಮೇಲೆ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಬೇಕು. ಎದುರು ನಿಂತು ಮಾಡಿಸಿ.

ಮೊದಲ ದಿನವೇ ಒಂದು ಅಲೈನ್‌ಮೆಂಟ್, ಸ್ಪ್ರಿಂಗ್ ಕೂತ ಮೇಲೆ, 500ರಿಂದ 1,000 ಕಿ.ಮೀ. ಒಳಗೆ ಇನ್ನೊಂದು. ಸಾಧ್ಯವಾದರೆ ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟೇ ತೂಕ ಇಟ್ಟು ಮಾಡಿಸಿ. ರಸ್ತೆ ಬಳಕೆಗೆ ಮುಂದೆ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮೈನಸ್ 1ರಿಂದ ಮೈನಸ್ 1.5 ಡಿಗ್ರಿ ಇದ್ದರೆ ಚಿಂತೆ ಇಲ್ಲ. ಟೈರಿನ ಒಳ ಅಂಚು ಸವೆದರೆ ಎಲ್ಲರೂ ಕ್ಯಾಂಬರ್ ಮೇಲೆ ಗೂಬೆ ಕೂರಿಸುತ್ತಾರೆ, ನಿಜವಾದ ಕಳ್ಳ ಹೆಚ್ಚಾಗಿ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರುವುದು. ಟೋ ಸರಿ ಮಾಡದೆ ಕಳಿಸುವ ಅಂಗಡಿಗೆ ಎರಡನೇ ಸಲ ಹೋಗಬೇಡಿ. ಪ್ರಿಂಟ್ ತೆಗೆದುಕೊಳ್ಳಿ, ಮುಂಚಿನದು, ನಂತರದ್ದು ಎರಡೂ. ಝೆನಾನ್ ಅಥವಾ ಎಲ್ಇಡಿ ಹೆಡ್‌ಲೈಟ್ ಇದ್ದರೆ ಸಸ್ಪೆನ್ಶನ್‌ಗೆ ಅಂಟಿದ ಸಣ್ಣ ಲೆವೆಲ್ ಸೆನ್ಸರ್ ಇರಬಹುದು, ಅದನ್ನೂ ಹೊಸ ಎತ್ತರಕ್ಕೆ ಹೊಂದಿಸಬೇಕು. ಇಲ್ಲದಿದ್ದರೆ ಬೆಳಕು ಮೂಗಿನ ಮುಂದೆಯೇ ಬೀಳುತ್ತದೆ, ಇಲ್ಲವೇ ಎದುರಿನವನ ಕಣ್ಣಿಗೆ.

ಕಾನೂನು

ಇಷ್ಟವಿಲ್ಲದಿದ್ದರೂ ಓದಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟು ಆರ್‌ಸಿಯಲ್ಲಿ ನಮೂದಾದ ಮೂಲ ವಿವರಕ್ಕೆ ಹೊರತಾದ ಬದಲಾವಣೆ ಮಾಡುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹಾಗಾಗಿ ಆರ್ಡರ್ ಮಾಡುವ ಮುಂಚೆಯೇ ಆರ್‌ಟಿಒದಲ್ಲಿ ವಿಚಾರಿಸಿ, ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಅವರ ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ "ಪರವಾಗಿಲ್ಲ ಸಾರ್" ಅಂದಿದ್ದು ಕ್ಲೇಮ್ ದಿನ ಲೆಕ್ಕಕ್ಕೆ ಬರುವುದಿಲ್ಲ.

ಬಿಚ್ಚಿದ ಹಳೆಯ ಸ್ಪ್ರಿಂಗ್, ಶಾಕ್, ಮೌಂಟ್ ಯಾವುದನ್ನೂ ಗುಜರಿಗೆ ಕೊಡಬೇಡಿ, ಗ್ಯಾರೇಜಿನಲ್ಲೂ ಬಿಟ್ಟು ಬರಬೇಡಿ. ಯಾವುದು ಎಡ, ಯಾವುದು ಬಲ ಅಂತ ಪೇಂಟಿನಲ್ಲಿ ಬರೆದು, ರಾಡಿಗೆ ಸ್ವಲ್ಪ ಎಣ್ಣೆ ಸವರಿ, ಪ್ಲಾಸ್ಟಿಕ್ ಸುತ್ತಿ, ಶಾಕ್‌ಗಳನ್ನು ನಿಲ್ಲಿಸಿ ಇಡಿ. ಕಾರು ಮಾರುವಾಗ ತಗ್ಗಿದ ಕಾರೇ ಬೇಕು ಅನ್ನುವವರಿಗಿಂತ ಕಂಪನಿ ಎತ್ತರದ್ದು ಕೇಳುವವರೇ ಜಾಸ್ತಿ.